ಗಣಪಣ್ಣನ ನೂರ ನಲವತ್ತು ಮಾರು

ಮೂರೆಲೆ ಆಟದಲ್ಲಿ ಎಲೆ ಕೆಳಗಿಟ್ಟವನು ಎದ್ದು ಮನೆಗೆ ಹೋಗಬೇಕು ಎಂದು ನಾನು ತಿಳಿದಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ. ಬಲೆ ಶೆಡ್ಡಿಗೆ ಹೋದ ಮೊದಲ ದಿನ, ಮೊದಲ ಆಟದಲ್ಲೇ, ಶುಕ್ರಣ್ಣ ತನ್ನ ಮೂರು ಎಲೆ ನೋಡಿ, ಮುಖ ಸೊಟ್ಟ ಮಾಡಿ, ಕೆಳಗಿಟ್ಟು, ಮೂಲೆಯ ಕೊಡೆ ಬಿಚ್ಚಿಕೊಂಡು ಹೊರಗೆ ನಡೆದ. ಅವನು ಹೋದದ್ದು ಬೀಡಿ ತರಲಿಕ್ಕೆ. ನಾನು ಮಾತ್ರ ಅದನ್ನು ಆಟದ ಕಾನೂನು ಎಂದುಕೊಂಡೆ. ನಮ್ಮೂರು ಮಂಕಿಗೆ ಹೋಗುವ ಬಸ್ಸು ಐದೂವರೆಗೆ. ಅಲ್ಲಿಯವರೆಗೆ ಮಳೆಯಲ್ಲಿ ಎಲ್ಲಿ ನಿಲ್ಲುವುದು? ಅದಕ್ಕೆ ಎಂಥ ದರಿದ್ರ ಎಲೆ ಬಂದರೂ ಬಿಡದೆ ಹಿಡಿದುಕೊಂಡು ಕೂತೆ. ಬಸ್ಸಿನ ಹೊತ್ತಿಗೆ ಹನ್ನೊಂದು ಮಾರು ಸೋತಿದ್ದೆ.

ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಅಷ್ಟರೊಳಗೆ ನಾನು ಫೋನಿನಲ್ಲಿ ಪೋಕರ್ ಕಲಿಸುವ ವಿಡಿಯೋಗಳನ್ನು ಮೂವತ್ತಾದರೂ ನೋಡಿದ್ದೆ. ಯಾವಾಗ ಪಣ ಏರಿಸಬೇಕು, ಯಾವಾಗ ಬಿಡಬೇಕು, ಎದುರಿನವನ ಮುಖ ಹೇಗೆ ಓದಬೇಕು ಎಂದು ಕಪ್ಪು ಕನ್ನಡಕದ ಒಬ್ಬ ಮನುಷ್ಯ ಅದರಲ್ಲಿ ಹೇಳಿಕೊಡುತ್ತಿದ್ದ. ಅವನು ಲಾಸ್ ವೇಗಾಸಿನಲ್ಲಿದ್ದ. ನಾನು ಹೊನ್ನಾವರದ ಐಸ್ ಪ್ಲಾಂಟಿನಲ್ಲಿದ್ದೆ. ಬಿ.ಕಾಂ. ಮಾಡಿ ಐಸ್ ಬ್ಲಾಕಿಗೆ ಚೀಟಿ ಹರಿದು ಕೊಡುವ ಕೆಲಸ ನನ್ನದು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್. ಬೋಟು ದಡ ಹತ್ತಿದರೆ ಐಸು ಯಾರಿಗೆ ಬೇಕು? ಆಗ ನಮಗೆ ಅರ್ಧ ಸಂಬಳ, ಕಾಲು ಕೆಲಸ. ಉಳಿದ ಹೊತ್ತು ಕಳೆಯಲಿಕ್ಕೆ ಹೊಳೆಯಾಚೆ ಕಾಸರಕೋಡಿನ ಟೊಂಕದ ಬಲೆ ಶೆಡ್ಡು.

ಆ ಶೆಡ್ಡಿನಲ್ಲಿ ದುಡ್ಡಿಟ್ಟು ಆಡುವುದಿಲ್ಲ. ದುಡ್ಡಿಟ್ಟರೆ ಪೊಲೀಸರು ಬರುತ್ತಾರೆ. ಪೊಲೀಸರಿಗಿಂತ ಮೊದಲು ಹೆಂಡತಿಯರು ಬರುತ್ತಾರೆ. ಅಲ್ಲಿ ಪಣಕ್ಕೆ ಇಡುವುದು ಬಲೆಯ ಕೆಲಸ. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು. ಒಂದು ಮಾರಿಗೆ ಗುರುತಾಗಿ ಒಂದು ಸೀಸದ ಗುಂಡು, ಬಲೆಯ ಅಂಚು ಮುಳುಗಲಿ ಎಂದು ಪೋಣಿಸುತ್ತಾರಲ್ಲ, ಅದೇ. ಐದು ಗುಂಡು ಸೋತವನು ಗೆದ್ದವನ ಹರಿದ ಬಲೆಯನ್ನು ಐದು ಮಾರು ಕೂತು ಸರಿಮಾಡಿ ಕೊಡಬೇಕು. ಕೊಡಬೇಕಾದದ್ದು, ಬರಬೇಕಾದದ್ದು ಎರಡೂ ಇದ್ದರೆ ಒಂದಕ್ಕೊಂದು ವಜಾ. ಹೀಗೆ ನಾನು ಸಮುದ್ರಕ್ಕೆ ಒಂದು ದಿನವೂ ಹೋಗದೆ, ಬರೀ ಸೋತು ಸೋತು, ಬಲೆ ಹೆಣೆಯಲು ಕಲಿತೆ. ನಮ್ಮ ಮನೆಯವರು ಬಸಳೆ, ಸೌತೆ ಬೆಳೆಯುವವರು. ಮಗ ಪೇಟೆಯಲ್ಲಿ ಏನೋ ಕೋರ್ಸ್ ಮಾಡುತ್ತಿದ್ದಾನೆ ಎಂದು ಅಮ್ಮ ಅಕ್ಕಪಕ್ಕದಲ್ಲಿ ಹೇಳಿಕೊಂಡು ಬಂದಿದ್ದಳು.

ಹನ್ನೊಂದು ಮಾರು ಸೋತ ಮಾರನೆ ದಿನ ನನ್ನ ತಪ್ಪನ್ನು ಬಿಡಿಸಿ ಹೇಳಿದವನು ಗಣಪಣ್ಣ. ಎಲ್ಲರೂ ಬಿದ್ದು ಬಿದ್ದು ನಗುವಾಗ ಅವನೊಬ್ಬ ನಗಲಿಲ್ಲ. ನಗಲಿಕ್ಕೂ ಬೇಜಾರು ಎನ್ನುವ ಹಾಗಿದ್ದ.

"ತಮಾ, ಎಲೆ ಇಡೂದು ಅಂದ್ರೆ ಸೋಲೂದಲ್ಲ. ನೀರು ನೋಡ್ತ್ರು, ಮೀನಿಲ್ಲ, ಬಲೆ ಬಿಡ್ದೇ ಮುಂದೆ ಹೋತ್ರು. ಅಷ್ಟೇಯ. ಹತ್ತು ಸಲ ಎಲೆ ಬಂದ್ರೆ ಏಳು ಸಲ ಇಡೂಕೇ ಬರೂದು."

"ಏಳು ಸಲ ಇಟ್ರೆ ಆಡೂದು ಯಾವಾಗ?" ಎಂದೆ.

"ಅದೇ ಆಡೂದು."

ಗಣಪಣ್ಣನಿಗೆ ಐವತ್ತೆಂಟು. ಐದು ಆಳಿನ ಬೋಟಿನ ತಾಂಡೇಲ. ಎಂದರೆ ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು, ಯಾವಾಗ ಹಿಂದೆ ತಿರುಗಬೇಕು ಎಂದು ಹೇಳುವವನು. ಬೋಟು ಭಟ್ಕಳದ ಕಡೆ ಜಾಲಿಯ ಸಾಹೇಬರದು. ಬಲೆ ತಾಂಡೇಲನದೇ. ಹದಿಮೂರನೆ ವಯಸ್ಸಿಗೆ ನೀರಿಗಿಳಿದವನು, ಹತ್ತು ವರ್ಷ ರತ್ನಾಗಿರಿಯ ಬೋಟುಗಳಲ್ಲಿ ಇದ್ದ. ಇಸ್ಪೀಟು ಕಲಿಸಿದ್ದು ಅಲ್ಲಿ ಅನ್ನ ಬೇಯಿಸುತ್ತಿದ್ದ ಒಬ್ಬ ಮುದುಕ. ಮೊದಲ ವರ್ಷದ ಸಂಬಳ ಪೂರ್ತಿ ಆ ಮುದುಕನಿಗೇ ಹೋಯಿತಂತೆ. "ಫೀಸು" ಎನ್ನುತ್ತಿದ್ದ ಗಣಪಣ್ಣ. ಮಗಳು ಸುಚಿತಾ ಕುಮಟಾದಲ್ಲಿ ಕಾಲೇಜು. ಹೆಂಡತಿ ನಾಗಕ್ಕ ಮಳೆಗಾಲದಲ್ಲಿ ಒಣಮೀನಿನ ಬುಟ್ಟಿ ಹಿಡಿದು ಕುಮಟಾ ಪೇಟೆಗೆ ಹೋಗುತ್ತಾಳೆ.

ಅವನ ಆಟ ನೋಡಲಿಕ್ಕೆ ಏನೂ ಚೆನ್ನಾಗಿರಲಿಲ್ಲ. ಎಲೆ ಬಂದರೆ ಉಳಿದವರ ಹಾಗೆ ಬೀಸಣಿಗೆ ಮಾಡಿ ಹಿಡಿಯುತ್ತಿರಲಿಲ್ಲ. ಅಂಗೈಯಿಂದ ತೊಡೆಗೆ ಒತ್ತಿಕೊಂಡು, ತುದಿ ಮಾತ್ರ ಎತ್ತಿ, ಒಂದು ಸಲ ನೋಡಿ ಮುಗಿಸುತ್ತಿದ್ದ. ಹೆಚ್ಚಿನ ಸಲ ಇಟ್ಟುಬಿಡುತ್ತಿದ್ದ. ಒಳ್ಳೆಯ ಎಲೆ ಬಂದರೆ ಒಂದೇ ಗುಂಡು ಮುಂದೆ ತಳ್ಳುತ್ತಿದ್ದ, ಏನೋ ಅನುಮಾನ ಇರುವವನ ಹಾಗೆ. ಅವನ ಬೋಟಿನ ಡ್ರೈವರ್ ವಿಶಾಲ ತಕ್ಷಣ ಎರಡು ಮಾಡುತ್ತಿದ್ದ. ಗಣಪಣ್ಣ ಕೆಮ್ಮಿ, ಹೊರಗಿನ ಮಳೆ ನೋಡಿ, "ಆತು, ನಂದೂ ಎರಡು" ಎನ್ನುತ್ತಿದ್ದ. ಎಲೆ ಬಿಚ್ಚಿದರೆ ಮೂರೂ ಏಳು.

ಕೂರುವ ಜಾಗವೂ ಅಷ್ಟೇ. ಬಾಗಿಲ ಹತ್ತಿರ ಗಾಳಿ ಬರುತ್ತದೆ ಎಂದು ದಿನಾ ವಿಶಾಲನ ಎಡಕ್ಕೇ ಚಾಪೆ ಎಳೆದುಕೊಳ್ಳುತ್ತಿದ್ದ. ಆಟ ತಿರುಗುವುದು ಬಲದಿಂದ ಎಡಕ್ಕೆ. ವಿಶಾಲ ಎಷ್ಟು ಗುಂಡು ಇಡುತ್ತಾನೆ ಎಂದು ನೋಡಿದ ಮೇಲೆಯೇ ಇವನ ಸರದಿ. ಕಪ್ಪು ಕನ್ನಡಕದವನು ಇದಕ್ಕೇ ಒಂದು ಗಂಟೆಯ ಪಾಠ ಮಾಡಿದ್ದ. ಗಣಪಣ್ಣನನ್ನು ಕೇಳಿದರೆ, "ಗಲಾಟೆ ಮಾಡುವವನ ಹಿಂದೆ ಕುಂತ್ರೆ ಒಳ್ಳೇದು. ಸೊಳ್ಳೆ ಅವಂಗೇ ಕಚ್ತದೆ" ಎಂದ.

ಸುಳ್ಳುಪಣ, ಕೈಯಲ್ಲಿ ಏನೂ ಇಲ್ಲದೆ ಎದುರಿನವನನ್ನು ಹೆದರಿಸಿ ಎಬ್ಬಿಸುವುದು, ಅದನ್ನೂ ಅವನು ಆಡುತ್ತಿದ್ದ. ವಾರಕ್ಕೆ ಒಂದೋ ಎರಡೋ ಸಲ, ಅದೂ ಶುಕ್ರಣ್ಣನ ಮೇಲೆ ಮಾತ್ರ.

"ನನ್ನ ಮೇಲೆ ಎಂತಕೆ ಆಡೂದಿಲ್ಲ ಗಣಪಣ್ಣ?" ಎಂದು ಕೇಳಿದೆ, ಸ್ವಲ್ಪ ಅವಮಾನವಾಗಿತ್ತು.

"ನಿನ್ನ ಮೇಲೆ ಆಡಿ ಉಪಯೋಗಿಲ್ಲ ತಮಾ. ಹೆದರೂಕೆ ಬುದ್ಧಿ ಬೇಕು."

ಶುಕ್ರಣ್ಣ ಬೀಡಿ ತೆಗೆದು, "ನಂಗೆ ಬುದ್ಧಿ ಇದ್ದು ಅಂತ ನಲವತ್ತು ವರ್ಷಕ್ಕೆ ಒಬ್ಬ ಹೇಳ್ದ. ಅದನ್ನೂ ನನ್ನ ಸೋಲ್ಸೂಕೇ ಹೇಳ್ದ" ಎಂದ.

ನನಗೆ ಅರ್ಥವಾಗದೆ ಉಳಿದದ್ದು ಒಂದು. ಗಣಪಣ್ಣ ದಿನಕ್ಕೆ ಮೂರು ಮಾರು ಗೆದ್ದ ಕೂಡಲೆ ನಿಲ್ಲಿಸುತ್ತಿದ್ದ. ಎಲೆ ಎಷ್ಟೇ ಚೆನ್ನಾಗಿ ಬೀಳುತ್ತಿರಲಿ, ಮೂರಾದ ಮೇಲೆ ಸುಮ್ಮನೆ ಇಡುತ್ತಾ ಕೂರುತ್ತಿದ್ದ. ಒಮ್ಮೊಮ್ಮೆ ಬೇಕೆಂದೇ ಒಂದು ಗುಂಡು ಸೋಲುತ್ತಿದ್ದ. ಕೇಳಿದ್ದಕ್ಕೆ, "ಎಲ್ಲಾ ನಾನೇ ಗೆದ್ರೆ ನಾಳೆ ನಿಮ್ಮಲ್ಲಿ ಯಾರು ಬತ್ರಿ?" ಎಂದ. ನಾಳೆ ನಾವು ಬರಲೇಬೇಕು ಎನ್ನುವಂಥ ಗರಜು ಇವನಿಗೇನು?

ಅದು ಗೊತ್ತಾದದ್ದು ಜುಲೈ ಮೊದಲ ವಾರ, ಜಾಲಿಯ ಸಾಹೇಬರು ಬಂದ ದಿನ. ಸಾಹೇಬರು ಮೆತ್ತಗಿನ ಮನುಷ್ಯ. ಸ್ಕೂಟರು ನಿಲ್ಲಿಸಿ, ಪ್ಲಾಸ್ಟಿಕ್ ಕೋಟು ಕೊಡವಿ, ಎಲ್ಲರಿಗೂ ಚಾ ಹೇಳಿದರು. ಆಮೇಲೆ ಮೂಲೆಯಲ್ಲಿದ್ದ ಬಲೆಯ ರಾಶಿ ನೋಡಿದರು. ಮೇ ತಿಂಗಳ ಕೊನೆಗೆ ನೇತ್ರಾಣಿ ದ್ವೀಪದ ಹತ್ತಿರ ಕಲ್ಲಿಗೆ ಸಿಕ್ಕಿ ಹರಿದ ಗಣಪಣ್ಣನ ಬಲೆ ಅದು. ನೂರ ನಲವತ್ತು ಮಾರು ಹರಿದಿತ್ತು.

"ಗಣಪ, ಒಂದನೇ ತಾರೀಕಿಗೆ ಬಲೆ ಬೋಟು ಹತ್ಬೇಕು. ಆಗ್ತದೆ ಅಲ್ವಾ?"

"ಆತದೆ ಸಾಹೇಬ್ರೆ."

"ಆಗದಿದ್ರೆ ಈಗಲೇ ಹೇಳು, ಬೇಜಾರಿಲ್ಲ. ವಿಶಾಲನ ಹತ್ರ ಹೊಸ ಬಲೆ ಇದೆ. ಅದನ್ನೇ ಹಾಕುವ. ಬಲೆ ಯಾರದೋ ಅವನೇ ತಾಂಡೇಲ, ಅದು ನಿಮ್ಮದೇ ಪದ್ಧತಿ. ನೀನು ದಡದಲ್ಲಿ ಮೀನು ತೂಗಿಸುವ ಕೆಲ್ಸ ನೋಡ್ಕೋ."

ವಿಶಾಲ ನೆಲ ನೋಡಿದ. ಅವನು ಕೆಟ್ಟವನಲ್ಲ. ಮೂವತ್ತೊಂದು ವಯಸ್ಸು, ಫೋನಿನಲ್ಲಿ ಸಮುದ್ರದ ನಕ್ಷೆ, ತಾಂಡೇಲ ಆಗಬೇಕೆಂಬ ಆಸೆ ಮುಖದ ಮೇಲೇ ಇತ್ತು. ಇಸ್ಪೀಟಿನಲ್ಲಿ ಅವನು ಸೋಲುತ್ತಿದ್ದದ್ದೂ ಅದಕ್ಕೇ.

ಗಣಪಣ್ಣ ಚಾ ಕುಡಿದ. ಗ್ಲಾಸನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿದ. ಅದನ್ನು ನಾನು ತಿಂಗಳಿನಿಂದ ನೋಡಿದ್ದೆ, ಚಳಿಗೆ ಎಂದುಕೊಂಡಿದ್ದೆ. ಆ ದಿನ ಬೇರೆ ಏನೇನೋ ಒಟ್ಟಿಗೆ ನೆನಪಾಯಿತು. ಅವನು ಎಂದೂ ಎಲೆ ಕಲಸುವುದಿಲ್ಲ, "ನೀನೇ ಕಲಸು" ಎಂದು ಪಕ್ಕದವನಿಗೆ ತಳ್ಳುತ್ತಾನೆ. ಗುಂಡನ್ನು ಎತ್ತುವುದಿಲ್ಲ, ಕೈಯ ಅಂಚಿನಿಂದ ಜಾರಿಸುತ್ತಾನೆ. ಬಲೆಯ ಶೆಡ್ಡಿನಲ್ಲೇ ಕೂತಿರುವ ಮನುಷ್ಯನ ಕೈಯಲ್ಲಿ ಬಲೆಯ ಸೂಜಿಯನ್ನು ಒಂದು ದಿನವೂ ನೋಡಿಲ್ಲ. ಸರಿಯಾಗುತ್ತಿದ್ದ ಅವನ ಬಲೆಯ ಒಂದೊಂದು ಮಾರೂ ನಮ್ಮಲ್ಲಿ ಯಾರೋ ಸೋತದ್ದು.

ಮಾರನೆ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದ ನಾಗಕ್ಕ ಸಿಕ್ಕಿದಳು. ಬುಟ್ಟಿ ಎತ್ತಿ ಕೊಟ್ಟೆ. ನನಗೆ ಚಾತುರ್ಯದಿಂದ ಮಾತು ತೆಗೆಯಲು ಬರುವುದಿಲ್ಲ.

"ನಾಗಕ್ಕಾ, ಗಣಪಣ್ಣನ ಬೆರಳಿಗೆ ಎಂತ ಆತು?"

ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳಿದಳು: "ದೀಪಾವಳಿಯಿಂದ ಮಡಚೂದಿಲ್ಲ. ಅಂಗಿ ಗುಂಡಿ ನಾನೇ ಹಾಕೂದು. ಡಾಕ್ಟ್ರು ವಾತ ಅಂದ್ರು, ತಣ್ಣೀರು ಮುಟ್ಬೇಡಿ ಅಂದ್ರು." ಆಮೇಲೆ, "ತಾಂಡೇಲಂಗೆ ತಣ್ಣೀರು ಮುಟ್ಬೇಡ ಹೇಳೂಕೆ ಅಷ್ಟು ದೂರ ಓದ್ಬೇಕಾ?" ಎಂದಳು. ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಬೆರಳು ತೋರಿಸಿ, "ಯಾರ ಹತ್ರ ಆದ್ರೂ ಹೇಳಿದ್ಯೋ, ನೋಡು ಮತ್ತೆ" ಎಂದಳು.

ಹೇಳಲಿಲ್ಲ. ನಾನು ಗುಟ್ಟು ಕಾಪಾಡುವವನು ಎಂದಲ್ಲ, ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಶೆಡ್ಡಿನಲ್ಲಿ ನನ್ನ ಮಾತಿಗೆ ಅಷ್ಟೇ ಬೆಲೆ.

ಅಲ್ಲಿಂದ ನಾನೂ ಲೆಕ್ಕ ಇಡತೊಡಗಿದೆ, ಅವನಿಗೆ ಗೊತ್ತಾಗದ ಹಾಗೆ. ದಿನಕ್ಕೆ ಮೂರು. ಮಳೆ ಜೋರಾಗಿ ಯಾರೂ ಬಾರದ ದಿನ ಸೊನ್ನೆ. ಜುಲೈ ಇಪ್ಪತ್ತರ ನಂತರ ತೊಂದರೆ ಶುರುವಾಯಿತು. ಎಲ್ಲರ ಬಲೆಯೂ ಹೆಚ್ಚುಕಡಿಮೆ ಮುಗಿದಿತ್ತು. ಸರಿಮಾಡಲು ಏನೂ ಉಳಿಯದವನು ಗೆದ್ದರೂ ಏನು ಮಾಡುತ್ತಾನೆ? ಒಬ್ಬೊಬ್ಬರೇ ಬೋಟಿಗೆ ಬಣ್ಣ ಬಳಿಯಲು ಹೋದರು. ಇಪ್ಪತ್ತೆಂಟನೆ ತಾರೀಕಿಗೆ ಚಾಪೆಯ ಮೇಲೆ ನಾಲ್ಕೇ ಜನ: ಗಣಪಣ್ಣ, ವಿಶಾಲ, ಶುಕ್ರಣ್ಣ, ನಾನು. ಗಣಪಣ್ಣನ ಬಲೆಯಲ್ಲಿ ಯಾರ ತಲೆಗೂ ಬೀಳದೆ ಉಳಿದದ್ದು ಹದಿನೆಂಟು ಮಾರು.

ಆ ದಿನ ಅವನಿಗೆ ಎಲೆ ಬಂತು. ಹಿಂದೆ ಕೂತಿದ್ದ ನನಗೆ ಅವನ ತೊಡೆಯ ಮೇಲಿನ ತುದಿ ಕಂಡಿತು. ಎರಡು ಎಕ್ಕ. ಮೂರೆಲೆಯಲ್ಲಿ ಜೋಡಿ ಎಕ್ಕ ಎಂದರೆ ಹೆದರಬೇಕಾದ ಎಲೆ ಅಲ್ಲ, ಹೆದರಿಸುವ ಎಲೆ. ಒಂದು ಗುಂಡು ಜಾರಿಸಿದ. ಶುಕ್ರಣ್ಣ ಇಟ್ಟ. ನಾನು ಆ ಆಟದಲ್ಲಿ ಇರಲಿಲ್ಲ. ವಿಶಾಲ ಐದು ಮಾಡಿದ. ಗಣಪಣ್ಣ ಕೆಮ್ಮಿ ಐದು ಕೊಟ್ಟ.

ವಿಶಾಲ ಒಂದು ಬೊಗಸೆ ಗುಂಡು ಎಣಿಸಿ ನಡುವೆ ಸುರಿದ. "ಇಪ್ಪತ್ತು."

ಶೆಡ್ಡಿನಲ್ಲಿ ಇಪ್ಪತ್ತು ಎಂದು ಯಾರೂ ಅಂದದ್ದು ನಾನು ಕೇಳಿರಲಿಲ್ಲ. ಶುಕ್ರಣ್ಣ ಬೀಡಿ ಆರಿಸಿದ. "ಹೋಯ್, ನಿನ್ನಲ್ಲಿ ಸೂಜಿ ಹಾಕೂಕೆ ಬಲೆ ಎಲ್ಲಿದ್ದು ಮಾರಾಯಾ?"

"ಅಣ್ಣನ ಮನೇದು ಇಪ್ಪತ್ತು ಮಾರು ಹರಿದದ್ದು ಇದ್ದು. ತಾಂಡೇಲ್ರು ಸೋತ್ರೆ ಅದನ್ನ ಮಾಡ್ಲಿ. ಇಲ್ಲೇ ಕುಂತು ಮಾಡ್ಲಿ." ಅವನ ಕಣ್ಣು ಒಂದು ಸಲ ಗಣಪಣ್ಣನ ಬೆರಳಿನ ಮೇಲೆ ಹೋಗಿ ಬಂತು. ಅವನಿಗೂ ಅನುಮಾನ ಇತ್ತೋ, ಸುಮ್ಮನೆ ಅಂದನೋ, ಇವತ್ತಿಗೂ ಗೊತ್ತಿಲ್ಲ.

ಗೆದ್ದರೆ ಉಳಿದ ಹದಿನೆಂಟೂ ಮುಗಿದು ಎರಡು ಮಾರು ಹೆಚ್ಚಿಗೆ. ಸೋತರೆ ಎಲ್ಲರೆದುರು ಸೂಜಿ ಹಿಡಿಯಬೇಕು. ಗಣಪಣ್ಣ ಹೊರಗೆ ನೋಡಿದ. ಆಮೇಲೆ ಅಂಗೈ ಎತ್ತಿದ. ಎಲೆಗಳು ತೊಡೆಯಿಂದ ಜಾರಿ ಚಾಪೆಗೆ ಮಗುಚಿ ಬಿದ್ದವು.

"ಆತು. ನಿಂದೇ."

ವಿಶಾಲ ಕುಣಿಯುತ್ತಾ ತನ್ನ ಎಲೆ ತೋರಿಸಿದ. ಒಂದು ರಾಣಿ, ಒಂದು ಒಂಬತ್ತು, ಒಂದು ನಾಲ್ಕು. ಏನೂ ಇರಲಿಲ್ಲ. ಕೊಟ್ಟ ಐದು ಗುಂಡು ಹೋಯಿತು. ಅವನು ಗಣಪಣ್ಣನಿಗೆ ಮಾಡಿಕೊಡಬೇಕಿದ್ದ ಐದು ಮಾರು ಅಲ್ಲಿಗೆ ವಜಾ. ಹದಿನೆಂಟು ಇದ್ದದ್ದು ಇಪ್ಪತ್ತಮೂರಾಯಿತು. ಉಳಿದದ್ದು ಮೂರು ದಿನ.

ಚಾ ಅಂಗಡಿಗೆ ಹೋಗುವಾಗ ಮೆಲ್ಲಗೆ ಕೇಳಿದೆ: "ಗಣಪಣ್ಣಾ, ಜೋಡಿ ಎಕ್ಕ ಇತ್ತಲ್ಲ. ಅವ ಸುಳ್ಳು ಆಡ್ತಿದ್ದ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾತು."

"ಮತ್ತೆ?"

"ಅಲ್ದೇ ಇದ್ದಿದ್ರೆ?" ಎಂದ. ನಾಲ್ಕು ಹೆಜ್ಜೆ ನಡೆದು, "ಸೋತ್ರೆ ಕೊಡೂಕಾಗ್ದಿದ್ದದ್ದನ್ನ ಪಣಕ್ಕಿಡೂಕಾಗ ತಮಾ. ಎಲೆ ಎಷ್ಟೇ ಒಳ್ಳೇದಿರಲಿ" ಎಂದ. ಆ ಮಾತಿನಲ್ಲಿ ಜಾಣತನದ ಹೆಮ್ಮೆ ಇರಲಿಲ್ಲ. ದಣಿವಿತ್ತು.

ಚಾ ಕುಡಿದು ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ದೊಡ್ಡ ಮನಸ್ಸಿನಿಂದ ಎಂದು ಹೇಳಿಕೊಳ್ಳುವುದಿಲ್ಲ. ಎರಡು ತಿಂಗಳು ಸೋತವನಿಗೆ ಇನ್ನೊಂದು ಸಲ ಸೋಲಲು ಅಂಥ ಧೈರ್ಯವೇನೂ ಬೇಡ. ಎಲೆ ಹಂಚಿದರು. ಶುಕ್ರಣ್ಣ, ವಿಶಾಲ ಇಬ್ಬರೂ ಇಟ್ಟರು. ಗಣಪಣ್ಣ ಒಂದು ಗುಂಡು ಜಾರಿಸಿದ. ನಾನು ಐದು ಇಟ್ಟೆ. ಅವನು ನನ್ನ ಮುಖ ನೋಡಿದ, ಐದು ಕೊಟ್ಟ. ನಾನು ಇಪ್ಪತ್ತಮೂರು ಎಣಿಸಿದೆ. ನನ್ನದೆಂದು ಹರಿದ ಬಲೆಯೇ ಇಲ್ಲ, ಸೋತರೂ ಅವನು ಸೂಜಿ ಹಿಡಿಯಬೇಕಿಲ್ಲ. ನನ್ನ ಮುಂದೆ ಅಷ್ಟು ಗುಂಡು ಇರಲಿಲ್ಲ, ಶುಕ್ರಣ್ಣನ ರಾಶಿಯಿಂದ ಸಾಲ ತೆಗೆದೆ.

"ಇವಂಗೆ ತಲೆ ಕೆಟ್ಟಿದ್ದು" ಎಂದ ವಿಶಾಲ. "ಬಿಡು, ಇವ ಯಾವತ್ತು ಎಲೆ ನೋಡಿ ಆಡ್ದ?"

ನನ್ನ ಹೆಸರು ಅಷ್ಟು ಕೆಟ್ಟದ್ದು ಆ ದಿನ ಒಂದೇ ಸಲ ಉಪಯೋಗಕ್ಕೆ ಬಂತು. ಯಾರಿಗೂ ಏನೂ ಅನ್ನಿಸಲಿಲ್ಲ. ಗಣಪಣ್ಣ ಮಾತ್ರ ಕೆಮ್ಮಲಿಲ್ಲ, ಮಳೆ ನೋಡಲಿಲ್ಲ. ಕೊನೆಗೆ ಕೈಯ ಅಂಚಿನಿಂದ ತನ್ನ ಮುಂದಿದ್ದ ಗುಂಡುಗಳನ್ನೆಲ್ಲ ನಡುವೆ ನೂಕಿದ.

"ತೋರ್ಸು."

ನನ್ನದು ಎರಡು, ಆರು, ಗುಲಾಮ. ಅವನದು ನಾಲ್ಕು, ಐದು, ಆರು, ಸಾಲಾಗಿ. ಇಪ್ಪತ್ತಮೂರು ಮಾರು ನನ್ನ ತಲೆಗೆ ಬಂತು.

ಐಸ್ ಪ್ಲಾಂಟಿಗೆ ಹೊಟ್ಟೆನೋವು ಎಂದು ಹೇಳಿ ಮೂರು ದಿನ ಕೂತೆ. ನನ್ನ ವೇಗದಲ್ಲಿ ದಿನಕ್ಕೆ ಎಂಟು ಮಾರು ಎಂದರೆ ಕತ್ತು ಎತ್ತುವ ಹಾಗಿಲ್ಲ. ನೈಲಾನ್ ದಾರ ಬೆರಳ ಸಂದಿಯನ್ನು ಕೊಯ್ಯುತ್ತದೆ. ಸೋತ ಕೆಲಸಕ್ಕೆ ಬೇರೆಯವರು ಕೈ ಹಾಕುವಂತಿಲ್ಲ, ಅದು ಶೆಡ್ಡಿನ ಪದ್ಧತಿ. ಅವರು ಬಂದು ನಕ್ಕು ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ. ಎಲ್ಲರೂ ಬಂದು ನಕ್ಕು ಹೋದರು. ಗಣಪಣ್ಣ ದಿನವಿಡೀ ಪಕ್ಕದಲ್ಲಿ ಕೂತು, "ಆ ಕಣ್ಣು ದೊಡ್ಡದಾತು. ಬಿಚ್ಚು" ಎನ್ನುತ್ತಿದ್ದ. ಬಿಚ್ಚುತ್ತಿದ್ದೆ.

ಮೂವತ್ತೊಂದರ ಮಧ್ಯಾಹ್ನ ಇನ್ನು ಎರಡು ಮಾರು ಉಳಿದಿತ್ತು. ಶೆಡ್ಡಿನಲ್ಲಿ ನಾವಿಬ್ಬರೇ. ಹೊರಗೆ ವಿಶಾಲ ಬೋಟಿನ ಇಂಜಿನ್ನು ಶುರು ಮಾಡಿ ನೋಡುತ್ತಿದ್ದ.

"ಆ ಆಟದಲ್ಲಿ ನೀ ಎಲೆ ನೋಡ್ಲಿಲ್ಲ" ಎಂದ ಗಣಪಣ್ಣ.

"ಇಲ್ಲ."

"ಗೊತ್ತಿತ್ತು."

"ಗೊತ್ತಿದ್ದೂ ತಕಂಡ್ರಾ?"

"ತಕಂಡೆ."

ನನಗೆ ಸಿಟ್ಟು ಬಂತು. ಉಪಕಾರ ಮಾಡಿದವನಿಗೆ ಒಂದು ಒಳ್ಳೆಯ ಮಾತಾದರೂ ಸಿಗಬೇಕು ಎಂಬ ಆಸೆ ಒಳಗೆಲ್ಲೋ ಇತ್ತು, ಅದು ಸುಳ್ಳಲ್ಲ. ಬೆರಳು ಉರಿಯುತ್ತಿತ್ತು, ಸೊಂಟ ಬಿದ್ದುಹೋಗಿತ್ತು. ಮೂರು ವಾರ ಕೇಳಬಾರದೆಂದು ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಕೈ ಬರೂದಿಲ್ಲ ಅಂತ ಒಂದು ಮಾತು ಬಾಯಿ ಬಿಟ್ಟು ಹೇಳಿದ್ರೆ, ಎಲ್ಲಾ ಸೇರಿ ನಾಲ್ಕು ದಿನಕ್ಕೆ ಮಾಡಿ ಕೊಡ್ತಿದ್ರು ಗಣಪಣ್ಣಾ. ಶುಕ್ರಣ್ಣ ಇಲ್ಲ ಅಂತಿದ್ನಾ? ವಿಶಾಲನೇ ಇಲ್ಲ ಅಂತಿದ್ನಾ? ಎರಡು ತಿಂಗಳು ಎಂತಕೆ ಈ ನಾಟಕ? ನಮ್ಮನ್ನ ಒಂದು ಮಾತು ಕೇಳೂಕೆ ನಿಮಗೆ ಅಷ್ಟು ನಾಚಿಕೆಯಾ?"

ಅವನು ಬಲೆಯ ಅಂಚನ್ನು ಕಾಲ್ಬೆರಳಿನಿಂದ ಹಿಡಿದು ನನಗೆ ಬಿಗಿಯಾಗಲೆಂದು ಎಳೆದು ಕೊಟ್ಟ.

"ನಾಚಿಕೆ ಎಂತದೂ ಅಲ್ಲ. ಕೇಳಿದ್ರೆ ಬಲೆ ಮಾಡಿ ಕೊಡ್ತಿದ್ರಿ, ಕೈಲಾಗ್ದವ ಅಂತ ಬೋಟು ತಕಂತಿದ್ರಿ."